ಕೊಳ ಯಾರದು, ಪ್ರಶ್ನೆ ಯಾರದು: ಬುದಯ್ಯದ ಒಂದು ರಸಪ್ರಶ್ನೆ ಮೇಜಿನ ಸುತ್ತ



ಮನಾಮಾ ನಗರದಿಂದ ಪಶ್ಚಿಮಕ್ಕೆ ಹೊರಟ ಬುದಯ್ಯ ಹೆದ್ದಾರಿಯು ಸನಾಬಿಸ್, ಜಿದಾಫ್ಸ್, ಬಾರ್ಬಾರ್, ದಿರಾಜ್, ಬನಿ ಜಮ್ರಾ ಮುಂತಾದ ಹಳೆಯ ಹಳ್ಳಿಗಳ ಮಗ್ಗುಲಲ್ಲೇ ಸಾಗಿ ಕಡೆಗೆ ಕಡಲಂಚಿನ ಬುದಯ್ಯದಲ್ಲಿ ನಿಲ್ಲುತ್ತದೆ. ದಾರಿಯ ಎರಡೂ ಕಡೆ ಒಂದು ಕಾಲದ ಖರ್ಜೂರದ ತೋಟಗಳ ಉಳಿಕೆ. ಅವುಗಳ ನಡುವೆ ಎತ್ತರದ ಗೋಡೆಯ ಕಾಂಪೌಂಡುಗಳು, ಶಾಲೆಗಳು, ಅಲ್ಲಿನವರು ‘ಕೋಲ್ಡ್ ಸ್ಟೋರ್’ ಎಂದು ಕರೆಯುವ ಕಿರಾಣಿ ಅಂಗಡಿಗಳು. ಹತ್ತಿರದ ಸಾರ್ ಮತ್ತು ಜನಬಿಯಾ ಕಡೆ ವಿದೇಶೀಯರು ಕಟ್ಟಿಕೊಂಡ ಕ್ಲಬ್ಬುಗಳಿವೆ. ಬ್ರಿಟಿಷರು ಹೋದಲ್ಲೆಲ್ಲ ಬಿಟ್ಟುಬಂದ ವಸ್ತುಗಳಲ್ಲಿ ಪಬ್ಬಿನ ರಸಪ್ರಶ್ನೆಯೂ ಒಂದು. ಧ್ವಜ ಇಳಿದ ಮೇಲೂ ಅದು ಇಳಿಯಲಿಲ್ಲ.

ಅಂಥ ಒಂದು ಸಂಜೆಯ ಒಂದು ಮೇಜನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಮೇಜಿನ ಸುತ್ತ ಆರು ಜನ ಕನ್ನಡಿಗರು. ಅವರ ಹೆಸರುಗಳು ಬೇಕಾಗಿಲ್ಲ. ಕೊಲ್ಲಿಯ ಯಾವ ಊರಿನಲ್ಲಿ ಬಾಳಿದವರಿಗೂ ಈ ಆರು ಜನ ಅಪರಿಚಿತರಲ್ಲ. ಉಡುಪಿ ಕಡೆಯ ಒಬ್ಬ ಲೆಕ್ಕಪರಿಶೋಧಕಿ, ಕಾಸರಗೋಡಿನ ಒಬ್ಬ ನರ್ಸ್, ಭಟ್ಕಳದ ವ್ಯಾಪಾರಿ, ಬೆಂಗಳೂರಿನ ಇಂಜಿನಿಯರ್, ರಾಯಚೂರು ಸೀಮೆಯಿಂದ ಬಂದ ಶಾಲಾ ಮೇಷ್ಟ್ರು, ಮತ್ತು ಬಹರೈನಿನಲ್ಲೇ ಹುಟ್ಟಿ ಬೆಳೆದ ಮೂಲ್ಕಿ ಮೂಲದ ಹುಡುಗ. ಕನ್ನಡ ತಂಡವೆಂದು ಹೇಳಿಕೊಂಡರೂ ಮನೆಯಲ್ಲಿ ಒಬ್ಬರದು ತುಳು, ಒಬ್ಬರದು ನವಾಯತಿ, ಒಬ್ಬರದು ಮಲಯಾಳ ಬೆರೆತ ಕನ್ನಡ. ಇಬ್ಬರ ಮುಂದೆ ಬಿಯರ್, ಉಳಿದವರ ಮುಂದೆ ಲಿಂಬೆ ಶರಬತ್ತು. ತಂಡದ ಹೆಸರು ‘ಥಟ್ ಅಂತ ಹೇಳಿ’. ಪ್ರಶ್ನೆ ಕೇಳುವ ಮಹಾಶಯನಿಗೆ ಆ ಹೆಸರನ್ನು ಉಚ್ಚರಿಸುವುದೇ ಪ್ರತಿ ವಾರದ ಮೊದಲ ಪ್ರಶ್ನೆ. ಅದರಲ್ಲಿ ಅವನು ಪ್ರತಿ ವಾರವೂ ಸೋಲುತ್ತಾನೆ, ಅಂಕ ಮಾತ್ರ ಕಳೆಯುವುದಿಲ್ಲ.

ಆಟದ ಕ್ರಮ ಸರಳ. ಹತ್ತು ಹತ್ತು ಪ್ರಶ್ನೆಗಳ ಸುತ್ತುಗಳು. ನಡುವೆ ಒಂದು ಚಿತ್ರದ ಸುತ್ತು, ಒಂದು ಹಾಡಿನ ಸುತ್ತು. ತಮಗೆ ಬಲವಿರುವ ಒಂದು ಸುತ್ತಿನ ಮೇಲೆ ‘ಜೋಕರ್’ ಇಟ್ಟರೆ ಅಂಕ ದುಪ್ಪಟ್ಟು. ಉತ್ತರದ ಹಾಳೆಯನ್ನು ಪಕ್ಕದ ಮೇಜಿನವರಿಗೆ ಕೊಟ್ಟು ತಿದ್ದಿಸುವುದು ಪದ್ಧತಿ. ಮೊಬೈಲ್ ಮುಟ್ಟಿದವರಿಗೆ ಛೀಮಾರಿ. ಜಗತ್ತಿನ ಉತ್ತರಗಳೆಲ್ಲ ಕಿಸೆಯೊಳಗೆ ಮಲಗಿರುವಾಗ ಅದನ್ನು ಮುಟ್ಟದೆ ಎರಡು ಗಂಟೆ ನೆನಪಿನೊಂದಿಗೆ ಗುದ್ದಾಡುವುದು ಈಗ ಅಪರೂಪದ ಸುಖವೇ ಆಗಿದೆ. ತಲೆಗೆ ತಲೆ ಹಚ್ಚಿ ಪಿಸುಗುಡುವುದು, ನಾಲಿಗೆಯ ತುದಿಯಲ್ಲಿದ್ದ ಹೆಸರು ಹಾಳೆ ಕೊಟ್ಟ ಮರುಕ್ಷಣ ಹೊರಬರುವುದು, ಸರಿಯುತ್ತರ ಬಲ್ಲವನು ಸಂಕೋಚದಿಂದ ಸುಮ್ಮನಿದ್ದು ತಪ್ಪುತ್ತರದವನು ಗಟ್ಟಿಯಾಗಿ ಹೇಳಿ ಗೆಲ್ಲುವುದು, ಆಮೇಲೆ ಕಾರು ಹತ್ತುವವರೆಗೆ “ನಾನು ಆಗಲೇ ಅಂದಿದ್ದೆನಲ್ಲ” ಎಂಬ ದೂರು. ಹತ್ತು ವರ್ಷ ಒಟ್ಟಿಗೆ ಊಟ ಮಾಡಿದರೂ ತಿಳಿಯದ ಸ್ವಭಾವಗಳು ಈ ಮೇಜಿನಲ್ಲಿ ಒಂದೇ ಸಂಜೆ ಬಯಲಾಗುತ್ತವೆ. ಈ ಸುಖವನ್ನು ಹೀಗಳೆಯುವುದು ಈ ಮಾತುಗಳ ಉದ್ದೇಶವಲ್ಲ.

ಪಬ್ಬಿನ ರಸಪ್ರಶ್ನೆ ತೀರ ಹಳೆಯದೇನೂ ಅಲ್ಲ. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ 1976ರಲ್ಲಿ ಶೆರನ್ ಬರ್ನ್ಸ್ ಮತ್ತು ಟಾಮ್ ಪೋರ್ಟರ್ ಎಂಬಿಬ್ಬರು ಇದನ್ನು ವ್ಯವಸ್ಥಿತ ವ್ಯಾಪಾರವನ್ನಾಗಿ ಮಾಡಿದರು. ಗಿರಾಕಿಗಳಿಲ್ಲದ ಭಾನುವಾರದ ರಾತ್ರಿಗಳಲ್ಲಿ ಪಬ್ಬು ತುಂಬಿಸುವುದೇ ಅದರ ಹಿಂದಿನ ಯೋಚನೆ. ಮೂರು ವರ್ಷಗಳ ನಂತರ ಕೆನಡಾದ ಇಬ್ಬರು ಪತ್ರಕರ್ತರು ‘ಟ್ರಿವಿಯಲ್ ಪರ್‌ಸ್ಯೂಟ್’ ಎಂಬ ಹಲಗೆಯಾಟ ಹುಟ್ಟಿಸಿದರು. ‘ಟ್ರಿವಿಯಾ’ದ ಬೇರಿನಲ್ಲಿರುವುದು ಮೂರು ದಾರಿ ಕೂಡುವ ಜಾಗವೆಂಬ ಅರ್ಥದ ಲ್ಯಾಟಿನ್ ಪದ. ದಾರಿ ಕೂಡುವಲ್ಲಿ ಯಾರು ಬೇಕಾದರೂ ನಿಂತು ಆಡುವ ಮಾತು, ಎಲ್ಲರ ಸೊತ್ತು. ಕನ್ನಡದಲ್ಲಿ ಇದಕ್ಕೆ ‘ಸಾಮಾನ್ಯ ಜ್ಞಾನ’ ಎಂಬ ಹೆಸರು. ಎರಡೂ ಭಾಷೆ ಒಂದೇ ಆಣೆಯಿಡುತ್ತವೆ: ಇದು ಎಲ್ಲರಿಗೂ ಸೇರಿದ್ದು.

ಬುದಯ್ಯದ ಮೇಜಿನಲ್ಲಿ ಆ ಆಣೆ ಎಷ್ಟರ ಮಟ್ಟಿಗೆ ನಡೆಯುತ್ತದೆ? ಇಂಗ್ಲಿಷ್ ಫುಟ್‌ಬಾಲ್ ತಂಡಗಳ ಅಡ್ಡಹೆಸರು ಅಲ್ಲಿ ಸಾಮಾನ್ಯ ಜ್ಞಾನ. ಎಂಬತ್ತರ ದಶಕದ ಬ್ರಿಟಿಷ್ ಪಾಪ್ ಹಾಡಿನ ಮೊದಲ ನಾಲ್ಕು ಸೆಕೆಂಡು ಸಾಮಾನ್ಯ ಜ್ಞಾನ. ‘ಕೊರೊನೇಷನ್ ಸ್ಟ್ರೀಟ್’ ಎಂಬ ಧಾರಾವಾಹಿಯಲ್ಲಿ ಬರುವ ಪಬ್ಬಿನ ಹೆಸರು ಸಾಮಾನ್ಯ ಜ್ಞಾನ. ರಾಯಚೂರಿನ ಮೇಷ್ಟ್ರು ಆ ಧಾರಾವಾಹಿಯ ಒಂದೇ ಒಂದು ಕಂತನ್ನೂ ನೋಡಿದವರಲ್ಲ. ಆದರೆ ಆ ಪಬ್ಬು ‘ರೋವರ್ಸ್ ರಿಟರ್ನ್’ ಎಂಬುದನ್ನು ಕಂಠಪಾಠ ಮಾಡಿಕೊಂಡಿದ್ದಾರೆ. ವಲಸಿಗನ ವಿದ್ಯೆ ಇದು: ತಾನು ಕಾಲಿಡದ ಬೀದಿಯ ಮನೆಗಳ ಹೆಸರು ಅವನಿಗೆ ಗೊತ್ತು. ಪಕ್ಕದ ಮೇಜಿನ ಇಂಗ್ಲಿಷ್ ಮನುಷ್ಯನಿಗೆ ರಾಜ್‌ಕುಮಾರ್ ಯಾರೆಂದು ತಿಳಿಯದಿದ್ದರೆ ಅದು ಅಜ್ಞಾನವಲ್ಲ, ಏಕೆಂದರೆ ಅದು ‘ಪ್ರಾದೇಶಿಕ’ ವಿಷಯ. ಮ್ಯಾಂಚೆಸ್ಟರು ಪ್ರದೇಶವಲ್ಲ, ಗದಗ ಪ್ರದೇಶ.

ಇಷ್ಟು ಹೇಳಿ ನಿಲ್ಲಿಸಿದರೆ ಬಹಳ ಸುಲಭವಾಯಿತು. ವಸಾಹತುಶಾಹಿಯನ್ನು ಬೈದು ಮನೆಗೆ ಹೋಗಬಹುದು. ಪ್ರಗತಿಪರರ ಸಭೆಗಳಲ್ಲಿ ಅದಕ್ಕೆ ಚಪ್ಪಾಳೆಯ ಕೊರತೆಯೂ ಇಲ್ಲ. ಆದರೆ ಅದೇ ಮೇಜಿನ ಮುಂದೆ ಬೇರೆ ಬಗೆಯ ಪ್ರಶ್ನೆಯೊಂದನ್ನು ಇಟ್ಟು ನೋಡಬೇಕು. ರಸಪ್ರಶ್ನೆಯವರು ‘ಕನೆಕ್ಟ್’ ಎಂದು ಕರೆಯುವ, ನಾಲ್ಕು ಸಂಗತಿಗಳ ನಡುವಿನ ಕೊಂಡಿ ಹುಡುಕುವ ಪ್ರಶ್ನೆ ಅದು. ಒಂದು, ಲಾರ್ಡ್ಸ್ ಮೈದಾನದಲ್ಲಿ ಕಪಿಲ್ ದೇವ್ ಎತ್ತಿ ಹಿಡಿದ ವಿಶ್ವಕಪ್. ಎರಡು, ಮಾಸ್ತಿಯವರಿಗೆ ಸಂದ ಜ್ಞಾನಪೀಠ. ಮೂರು, ಬೆಂಗಳೂರಿನ ಕರ್ನಾಟಕ ಕ್ವಿಜ್ ಅಸೋಸಿಯೇಷನ್ನಿನ ಹುಟ್ಟು. ನಾಲ್ಕು, ಭಾರತದ ವಲಸೆ ಕಾಯ್ದೆ.

ಮೊದಲನೆಯದು ಕಿವಿಗೆ ಬಿದ್ದೊಡನೆ ಆರೂ ಜನ 1983 ಎನ್ನುತ್ತಾರೆ. ಆ ಪಂದ್ಯಾವಳಿಯಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ ಎಂಬುದನ್ನು ಇಂಜಿನಿಯರ್ ಸೇರಿಸುತ್ತಾನೆ. ಮಾಸ್ತಿಯವರ ಮಾತು ಬಂದಾಗ ಲೆಕ್ಕಪರಿಶೋಧಕಿ ‘ಚಿಕವೀರ ರಾಜೇಂದ್ರ’ದ ಹೆಸರು ಹೇಳುತ್ತಾಳೆ. ಮೂರನೆಯದೂ ಕಷ್ಟವಲ್ಲ. 1967ರಲ್ಲಿ ಕಲ್ಕತ್ತದ ಒಂದು ಚರ್ಚಿನ ಸಭಾಂಗಣದಲ್ಲಿ ನೀಲ್ ಓಬ್ರಿಯನ್ ಆರಂಭಿಸಿದ ಮುಕ್ತ ರಸಪ್ರಶ್ನೆಯ ಸಂಪ್ರದಾಯಕ್ಕೆ ಬೆಂಗಳೂರಿನಲ್ಲಿ ನೆಲೆ ಕಟ್ಟಿಕೊಟ್ಟವರು ವಿಂಗ್ ಕಮಾಂಡರ್ ಜಿ.ಆರ್. ಮುಲ್ಕಿ ಮತ್ತು ಸಂಗಡಿಗರು. ಹೆಸರಲ್ಲೇ ತನ್ನ ಊರನ್ನು ಕಂಡ ಮೂಲ್ಕಿಯ ಹುಡುಗನಿಗೆ ಒಳಗೊಳಗೇ ಹಿಗ್ಗು. ನಾಲ್ಕನೆಯದಕ್ಕೆ ಬಂದಾಗ ಮೇಜು ಮೌನವಾಗುತ್ತದೆ. ಕೊಂಡಿ ಸಿಕ್ಕಿದೆ, ಅಂಕವೂ ಸಿಗುತ್ತದೆ. ಆದ್ದರಿಂದ ಯಾರೂ ಆ ನಾಲ್ಕನೆಯದು ಏನೆಂದು ಕೇಳುವುದಿಲ್ಲ.

1922ರ ಹಳೆಯ ಕಾನೂನಿನ ಬದಲಿಗೆ ಬಂದ 1983ರ ವಲಸೆ ಕಾಯ್ದೆಯ ನೆರಳು ಕೊಲ್ಲಿಗೆ ಹೋದ ಪ್ರತಿ ಭಾರತೀಯ ಕೂಲಿಕಾರನ ಪಾಸ್‌ಪೋರ್ಟಿನ ಮೇಲೆ ಬಿದ್ದಿದೆ. ಹತ್ತನೆಯ ತರಗತಿ ಪಾಸಾಗದವನ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಎಂಬ ಮೂರಕ್ಷರ. ಬಹರೈನ್ ಸೇರಿದಂತೆ ಕೆಲವು ನಿರ್ದಿಷ್ಟ ದೇಶಗಳಿಗೆ ಕೆಲಸಕ್ಕೆ ಹೊರಡುವ ಮೊದಲು ಅಂಥವನು ‘ವಲಸಿಗರ ರಕ್ಷಕ’ ಎಂಬ ಅಧಿಕಾರಿಯ ಅನುಮತಿ ಪಡೆಯಬೇಕು. ಕಾಯ್ದೆಯ ಆಶಯ ರಕ್ಷಣೆಯೇ, ಸಂಶಯವಿಲ್ಲ. ಆದರೆ ಒಂದೇ ವರ್ಷದಲ್ಲಿ ಜ್ಞಾನಕ್ಕೆ ಎರಡು ಬೆಲೆ ಕಟ್ಟಿದ ವಿಚಿತ್ರವನ್ನು ಗಮನಿಸಬೇಕು. ಬೆಂಗಳೂರಿನಲ್ಲಿ ಇಂಗ್ಲಿಷ್ ಓದಿದವರು ಸಂಜೆಯ ಸಂತೋಷಕ್ಕಾಗಿ ಪ್ರಶ್ನೆ ಕೇಳಿಕೊಳ್ಳಲು ಸಂಘ ಕಟ್ಟಿದರು. ಹತ್ತನೆಯ ತರಗತಿ ದಾಟದವರಿಗೆ ಪ್ರಶ್ನೆ ಕೇಳಲು ದೇಶವೇ ಕೌಂಟರು ತೆರೆಯಿತು. ಬುದಯ್ಯದ ಮೇಜಿನಲ್ಲಿ ಕುಳಿತ ಆರೂ ಜನ ಆ ಕೌಂಟರಿನ ಮುಂದೆ ನಿಲ್ಲದೆ ಬಂದವರು. ಮೂಲ್ಕಿಯ ಹುಡುಗನ ತಂದೆ ನಿಂತು ಬಂದವರಿರಬಹುದು. ಹುಡುಗನಿಗೆ ಅದನ್ನು ಯಾರೂ ಹೇಳಿರಲಿಕ್ಕಿಲ್ಲ. ಗಲ್ಫ್ ಮನೆಗಳಲ್ಲಿ ಅಪ್ಪಂದಿರು ಮಾತಾಡದೆ ಉಳಿಸಿದ ಸಂಗತಿಗಳು ಬಹಳ.

ಇನ್ನು ಕ್ಲಬ್ಬಿನ ಗೋಡೆಯಾಚೆಗಿನ ಬುದಯ್ಯ. ಅಲ್ಲಿ ಪ್ರಶ್ನೆಗಳಿಗೆ ಬರವೇ? ಹತ್ತೊಂಬತ್ತನೆಯ ಶತಮಾನದಲ್ಲಿ ದವಾಸಿರ್ ಬುಡಕಟ್ಟಿನವರು ಅಲ್ಲಿ ನೆಲೆಸಿ, ಮುತ್ತಿನ ದೋಣಿಗಳನ್ನು ಕಡಲಿಗಿಳಿಸಿ ಆ ಊರನ್ನು ಬೆಳೆಸಿದರು. 1923ರಲ್ಲಿ, ಮೇಜರ್ ಡೇಲಿ ಎಂಬ ಬ್ರಿಟಿಷ್ ರಾಜಕೀಯ ಪ್ರತಿನಿಧಿಯ ಕಾಲದ ಆಡಳಿತ ಸುಧಾರಣೆಗಳಿಗೆ ಎದುರಾಗಿ ಅವರಲ್ಲಿ ಬಹುಪಾಲು ಜನ ಊರು ಬಿಟ್ಟು ಸಮುದ್ರದಾಚೆಯ ದಮ್ಮಾಮಿಗೆ ಹೋದರು. ಕೆಲವು ವರ್ಷಗಳ ಮೇಲೆ ಅನೇಕರು ಮರಳಿದರು. ಅಂದರೆ ಬುದಯ್ಯವೂ ಒಮ್ಮೆ ಗುಳೆ ಎದ್ದ ಊರು. ಹೆದ್ದಾರಿಯ ಪಕ್ಕದ ಬನಿ ಜಮ್ರಾ ನೇಕಾರರ ಹಳ್ಳಿ. ಬಾರ್ಬಾರಿನಲ್ಲಿ ನಾಲ್ಕು ಸಾವಿರ ವರ್ಷ ಹಿಂದಿನ ದಿಲ್‌ಮುನ್ ನಾಗರಿಕತೆಯ ದೇವಾಲಯವಿದೆ. ಡೆನ್ಮಾರ್ಕಿನ ಪುರಾತತ್ವಜ್ಞರು ಅದನ್ನು ಕಂಡದ್ದು 1954ರಲ್ಲಿ. ಅದರಿಂದ ಬಹಳ ದೂರವಲ್ಲದ ಕಲಾತ್ ಅಲ್ ಬಹರೈನ್ ದಿಬ್ಬದಲ್ಲಿ ಸಿಂಧೂ ಕಣಿವೆಯ ಮಾದರಿಯ ತೂಕದ ಕಲ್ಲುಗಳು ಸಿಕ್ಕಿವೆ. ಭಾರತದ ತೂಕ ಬಹರೈನಿಗೆ ಬಂದದ್ದು ಪಾಸ್‌ಪೋರ್ಟು ಹುಟ್ಟುವುದಕ್ಕೆ ಎಷ್ಟೋ ಮೊದಲು.

ಇವುಗಳಿಗಿಂತ ಹತ್ತಿರದ್ದು ರೂಪಾಯಿಯ ಕತೆ. ಬಹರೈನಿನಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿದ್ದ ಕಾಲವೊಂದಿತ್ತು. ಚಿನ್ನದ ಕಳ್ಳಸಾಗಣೆಯಿಂದ ಭಾರತದ ವಿದೇಶಿ ವಿನಿಮಯ ಸೋರಿಹೋಗುವುದನ್ನು ತಡೆಯಲು 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಕೊಲ್ಲಿಗಾಗಿಯೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. 1965ರಲ್ಲಿ ಬಹರೈನ್ ತನ್ನದೇ ದಿನಾರ್ ತಂದಾಗ ಹತ್ತು ರೂಪಾಯಿಗೆ ಒಂದು ದಿನಾರ್ ಎಂದು ನಿಗದಿಯಾಯಿತು. ದಿನಾರಿನ ಹತ್ತನೆಯ ಒಂದು ಪಾಲಾದ ನೂರು ಫಿಲ್ಸ್ ನಾಣ್ಯವನ್ನು ಬಹರೈನಿನ ಆಡುಮಾತಿನಲ್ಲಿ ‘ರುಬಿಯ್ಯಾ’ ಎನ್ನುವುದು ಹೀಗೆ. ಇನ್ನೊಂದು ಕಾಕತಾಳೀಯ: ಬಹರೈನ್ ಬ್ರಿಟಿಷರಿಂದ ಸ್ವತಂತ್ರವಾದದ್ದು 1971ರ ಆಗಸ್ಟ್ 15ರಂದು, ಆದರೆ ರಾಷ್ಟ್ರೀಯ ದಿನವೆಂದು ಆಚರಿಸುವುದು ಡಿಸೆಂಬರ್ 16ನ್ನು. ಪ್ರತಿ ಆಗಸ್ಟ್ 15ರಂದು ತ್ರಿವರ್ಣ ಧ್ವಜ ಹಾರಿಸಿ ಲಾಡು ಹಂಚುವ ಭಾರತೀಯರಲ್ಲಿ ಎಷ್ಟು ಮಂದಿಗೆ, ತಾವು ನಿಂತ ನೆಲಕ್ಕೂ ಅದು ಬಿಡುಗಡೆಯ ದಿನವೆಂಬುದು ನೆನಪಾಗುತ್ತದೆ?

ಆ ಆರು ಜನರ ಮೇಜಿನಲ್ಲಿ ರೋವರ್ಸ್ ರಿಟರ್ನ್ ಗೊತ್ತು, ರುಬಿಯ್ಯಾ ಗೊತ್ತಿಲ್ಲ. ಇದನ್ನು ಇಂಗ್ಲಿಷರ ತಲೆಗೆ ಕಟ್ಟುವಂತಿಲ್ಲ.

ಇದೇ ಕನ್ನಡಿಗರು ರಾಜ್ಯೋತ್ಸವಕ್ಕೆ ತಾವೇ ರಸಪ್ರಶ್ನೆ ನಡೆಸುವಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಕರ್ನಾಟಕದ ಹೊರಗಿನ ಯಾವ ಊರಲ್ಲಾದರೂ ಪ್ರಶ್ನೆಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಎಂಟು ಜ್ಞಾನಪೀಠಗಳು ಯಾರಿಗೆ, ಯಾವ ವರ್ಷ? ಹೊಯ್ಸಳರ ರಾಜಧಾನಿ ಯಾವುದು? ಜೋಗದ ಎತ್ತರವೆಷ್ಟು? ಶಾಲೆಯ ಪಠ್ಯವನ್ನು ಪ್ರಶ್ನಾರ್ಥಕ ಚಿಹ್ನೆ ಹಚ್ಚಿ ಮತ್ತೆ ಬಡಿಸುವ ಕೆಲಸ. ಅಲ್ಲಿ ತಲೆ ತಗ್ಗಿಸಿ ಕೂರುವವರು ಬೇರೆ ಯಾರೂ ಅಲ್ಲ, ಆ ಶಾಲೆ ಅರ್ಧಕ್ಕೆ ಬಿಟ್ಟವರು. ಭಟ್ಕಳದ ನವಾಯತಿ ಅಡುಗೆ, ಬ್ಯಾರಿ ಮದುವೆಯ ಹಾಡು, ರಾಯಚೂರಿನ ಹತ್ತಿಯ ಕಾರ್ಖಾನೆ, 1956ರ ನವೆಂಬರ್ 1ರಂದು ಕರ್ನಾಟಕದ ಬದಲು ಕೇರಳಕ್ಕೆ ಸೇರಿದ ಕಾಸರಗೋಡಿನ ಮನೆಮನೆಯ ಮಾತು, ಇವು ಯಾವುವೂ ಆ ಪಟ್ಟಿಯಲ್ಲಿ ಇರುವುದಿಲ್ಲ. ಪಬ್ಬಿನಲ್ಲಿ ಗದಗವನ್ನು ಪ್ರದೇಶವೆಂದದ್ದಕ್ಕೆ ಮುನಿದವರು ತಮ್ಮ ಸಭಾಂಗಣದಲ್ಲಿ ಭಟ್ಕಳವನ್ನು ಪ್ರದೇಶ ಮಾಡುತ್ತಾರೆ.

ಇದಕ್ಕೊಂದು ಹಿತವಾದ ಅಪವಾದವಿದೆ. ತಂಡಕ್ಕೆ ಹೆಸರು ಕೊಟ್ಟ, ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’. ವೃತ್ತಿಯಿಂದ ವೈದ್ಯರಾದ ನಾ. ಸೋಮೇಶ್ವರರು ಸಾವಿರಾರು ಕಂತುಗಳುದ್ದಕ್ಕೂ ಅದನ್ನು ಕನ್ನಡದಲ್ಲೇ ನಡೆಸಿದರು, ಬಹುಮಾನವಾಗಿ ಪುಸ್ತಕ ಕೊಟ್ಟರು. ಕೋಟಿ ರೂಪಾಯಿ ಆಸೆ ತೋರಿಸುವ ಆಟಗಳು ಬಂದು ಹೋದವು. ಕೈಯಲ್ಲೊಂದು ಪುಸ್ತಕ ಹಿಡಿದು ನಗುವ ಸ್ಪರ್ಧಿಗಳ ಆಟ ಮಾತ್ರ ಉಳಿಯಿತು. ಆದರೂ ಅಲ್ಲಿಯೂ ಕೇಳುವವರು ಒಬ್ಬರೇ, ಹೇಳುವವರು ಎದುರಿನವರು.

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಇನ್ನೊಂದು ಬಗೆಯ ಆಟ ಗೊತ್ತಿತ್ತು. ಗೀಗೀ ಮೇಳಗಳ ಹರದೇಶಿ–ನಾಗೇಶಿ ವಾದದಲ್ಲಿ ಒಂದು ಮೇಳ ಶಿವನ ಪಕ್ಷ, ಗಂಡು ಹೆಚ್ಚೆನ್ನುವುದು. ಇನ್ನೊಂದು ಶಕ್ತಿಯ ಪಕ್ಷ, ಹೆಣ್ಣು ಹೆಚ್ಚೆನ್ನುವುದು. ದಪ್ಪು, ತುಂತುಣಿಗಳ ಜೊತೆ ರಾತ್ರಿಯಿಡೀ ಸವಾಲು–ಜವಾಬು. ಒಂದು ಮೇಳ ಹಾಡಿನಲ್ಲಿ ಕೇಳಿದರೆ ಎದುರಾಳಿ ಹಾಡಿನಲ್ಲೇ ಬಿಡಿಸಬೇಕು. ಬಿಡಿಸಿದ ಮೇಲೆ ಕೇಳುವ ಸರದಿ ಅವರದು. ಹಾಡುವವರಲ್ಲಿ ಅಕ್ಷರ ಬಾರದವರೂ ಇದ್ದರು, ಪುರಾಣಗಳು ಬಾಯಲ್ಲಿದ್ದವು. ಕರಾವಳಿಯ ತಾಳಮದ್ದಲೆಯಲ್ಲೂ ಇದೇ ನ್ಯಾಯ: ಕೃಷ್ಣನ ಮಾತಿಗೆ ಕೌರವನಿಗೆ ಎದುರುಮಾತು ಹೂಡುವ ಹಕ್ಕಿದೆ, ಅರ್ಥಧಾರಿಗೆ ತಾಕತ್ತಿದ್ದರೆ ಆ ರಾತ್ರಿಯ ಮಟ್ಟಿಗೆ ಕೌರವನೇ ಗೆಲ್ಲಬಹುದು. ಬಹರೈನಿಗೆ ಬಂದ ಕರಾವಳಿಯವರು ಯಕ್ಷಗಾನವನ್ನು ಜೊತೆಗೆ ತಂದರು. ಎದುರುಪ್ರಶ್ನೆಯ ಅಭ್ಯಾಸ ವೇಷದ ಪೆಟ್ಟಿಗೆಯಲ್ಲೇ ಉಳಿಯಿತೇನೋ.

ಕೊಲ್ಲಿಯ ಕೂಲಿಕಾರನ ಬದುಕಿನಲ್ಲಿ ಪ್ರಶ್ನೆ ಯಾವಾಗಲೂ ಒಂದೇ ದಿಕ್ಕಿನಿಂದ ಬರುತ್ತದೆ. ಸಿ.ಪಿ.ಆರ್. ಕಾರ್ಡು ಎಲ್ಲಿ, ವೀಸಾ ಯಾರದು, ಯಾವ ಕಂಪನಿ, ಯಾಕೆ ತಡ. ಅವನು ಉತ್ತರ ಹೇಳುತ್ತಲೇ ಇರುವವನು. ಬುದಯ್ಯದ ತೋಟಗಳಲ್ಲಿ ಸೊಪ್ಪು ಬೆಳೆಯುವ ಕೈಗಳು ಬಹುಮಟ್ಟಿಗೆ ದಕ್ಷಿಣ ಏಷ್ಯಾದವು. ಚಳಿಗಾಲದ ಶನಿವಾರಗಳಲ್ಲಿ ಅಲ್ಲಿನ ಸಸ್ಯೋದ್ಯಾನದಲ್ಲಿ ರೈತರ ಸಂತೆ ನೆರೆದಾಗ ಕ್ಲಬ್ಬಿನವರೂ ಕನ್ನಡಿಗರೂ ಚೀಲ ಹಿಡಿದು ಹೋಗುತ್ತಾರೆ. ಸೊಪ್ಪಿನ ಬೆಲೆ ಕೇಳುತ್ತಾರೆ. ಬೇಸಿಗೆಯಲ್ಲಿ ಬಯಲು ಕೆಲಸ ಮಧ್ಯಾಹ್ನ 12ರಿಂದ 4ರವರೆಗೆ ನಿಷಿದ್ಧ ಎಂಬ ನಿಯಮ ಆ ಕೆಲಸಗಾರರಿಗೆ ಕಂಠಪಾಠ. ಅದೂ ಸಾಮಾನ್ಯ ಜ್ಞಾನವೇ, ಮೈಮೇಲೆ ಬರೆದದ್ದು. ಯಾವ ಸುತ್ತಿನಲ್ಲೂ ಅದಕ್ಕೆ ಅಂಕವಿಲ್ಲ.

ಭಾರತೀಯರ ನೆನಪಿನಲ್ಲಿ ಅತಿ ಹಳೆಯ ರಸಪ್ರಶ್ನೆಯೆಂದರೆ ಯಕ್ಷಪ್ರಶ್ನೆ. ಅದನ್ನು ಧರ್ಮರಾಯನ ಜಾಣತನದ ಕತೆಯಾಗಿ ಓದುವುದು ವಾಡಿಕೆ. ಕೊಳದ ಕಡೆಯಿಂದ ಓದಿದರೆ ಬೇರೆಯೇ ಕಾಣುತ್ತದೆ. ಬಾಯಾರಿ ಬಂದವರಿಗೆ ನೀರು ಬೇಕು. ಕೊಳ ಯಕ್ಷನದು, ಆದ್ದರಿಂದ ಪ್ರಶ್ನೆಯೂ ಅವನದು. ಉತ್ತರಿಸದೆ ಕುಡಿದ ನಾಲ್ವರು ದಡದಲ್ಲೇ ಬಿದ್ದರು. ಕೇಳಿಸಿಕೊಳ್ಳುತ್ತಿರುವವನು ಹನ್ನೆರಡು ವರ್ಷದ ವನವಾಸದ ಕೊನೆಯಲ್ಲಿರುವ, ನೆಲ ಕಳೆದುಕೊಂಡ ಮನುಷ್ಯ. ಆ ಪ್ರಶ್ನೆಗಳ ನಡುವೆ ಒಂದು, ಸುಖಿ ಯಾರು ಎಂಬುದು. ಹೊತ್ತು ಮೀರಿಯಾದರೂ ತನ್ನ ಮನೆಯಲ್ಲೇ ಸೊಪ್ಪು ಬೇಯಿಸಿ ಉಣ್ಣುವವನು, ಸಾಲವಿಲ್ಲದವನು, ಪರಸ್ಥಳದಲ್ಲಿ ಬಾಳದವನು ಸುಖಿ ಎಂಬ ಅರ್ಥದ ಉತ್ತರವನ್ನು ಧರ್ಮರಾಯ ಕೊಡುತ್ತಾನೆ. ಮನೆಯಿಲ್ಲದೆ, ಕಾಡಿನಲ್ಲಿ ನಿಂತು, ತಮ್ಮಂದಿರ ಹೆಣಗಳ ಮುಂದೆ. ಯಕ್ಷ ಮೆಚ್ಚಿದ, ಉತ್ತರ ಸರಿಯಾಗಿತ್ತು. ಹೇಳಿದವನ ಪಾಡು ಏನೆಂದು ಯಕ್ಷ ಕೇಳಲಿಲ್ಲ.

ಏಜೆಂಟನಿಗೆ ಕೊಡಲು ಬಡ್ಡಿಗೆ ಹಣ ಎತ್ತಿ, ಹೆಂಡತಿಯ ಬಳೆ ಅಡವಿಟ್ಟು ವಿಮಾನ ಹತ್ತಿದವನಿಗೆ ಆ ಒಂದು ಉತ್ತರ ಯಾರೂ ಹೇಳಿಕೊಡಬೇಕಾಗಿಲ್ಲ. ಪರಸ್ಥಳ, ಸಾಲ, ತಡವಾದ ಊಟ, ಮೂರನ್ನೂ ಅವನು ಬಲ್ಲ. ಮೇಜಿನ ಆರು ಜನಕ್ಕೂ ಅದರ ಒಂದೊಂದು ಎಳೆ ಗೊತ್ತು: ನರ್ಸಿಗೆ ಮನೆ ಸಾಲದ ಕಂತು ಗೊತ್ತು, ಮೇಷ್ಟ್ರಿಗೆ ವಾಟ್ಸ್‌ಆ್ಯಪಿನಲ್ಲಿ ನೋಡಿದ ತಾಯಿಯ ಅಂತ್ಯಕ್ರಿಯೆ ಗೊತ್ತು. ಆ ಮಾತು ಬರುವುದು ಮಾತ್ರ ಆಟ ಮುಗಿದು ಕಾರು ನಿಲ್ಲಿಸಿದ ಕತ್ತಲಲ್ಲಿ, ಐದು ನಿಮಿಷ.

ಕೊಲ್ಲಿಯ ಕನ್ನಡ ಕೂಟಗಳು ಮುಂದಿನ ರಸಪ್ರಶ್ನೆಗೆ ಕೂರುವಾಗ ಗೀಗೀ ಮೇಳದ ನಿಯಮವನ್ನು ಒಮ್ಮೆ ಪ್ರಯೋಗಿಸಬಹುದು. ಪ್ರಶ್ನೆ ಕೇಳುವ ಕುರ್ಚಿ ಯಾರಿಗೂ ಕಾಯಂ ಅಲ್ಲ. ಉತ್ತರಿಸಿದ ಮೇಜು ಕೇಳಲಿ. ಸಭಾಂಗಣದಲ್ಲಿ ಕುರ್ಚಿ ಜೋಡಿಸುವವರು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರು, ಹೊರಗೆ ಕಾರಿನಲ್ಲಿ ಕಾಯುವ ಚಾಲಕರು ಇವರಿಗೂ ಒಂದು ಮೇಜಿರಲಿ, ಶುರುವಾಗುವುದು ಅವರ ಸವಾಲಿನಿಂದ. ಭಾಷೆ ತುಳುವೋ ಬ್ಯಾರಿಯೋ ಆದರೆ ಪಕ್ಕದವರು ಬಿಡಿಸಿ ಹೇಳಲಿ. ಮೊದಲ ಕೆಲವು ಸುತ್ತು ಗೊಂದಲವಾಗುತ್ತದೆ. ಅಂಕದ ಲೆಕ್ಕ ತಪ್ಪುತ್ತದೆ, ಯಾರೋ ಇದೆಲ್ಲ ರಸಪ್ರಶ್ನೆಯೇ ಅಲ್ಲ ಎನ್ನುತ್ತಾರೆ. ಒಂದು ದಿನಾರಿಗೆ ಕೋಲ್ಡ್ ಸ್ಟೋರಿನಲ್ಲಿ ಎಷ್ಟು ಖುಬೂಸ್ ಬರುತ್ತದೆ ಎಂದು ಚಾಲಕರ ಮೇಜಿನಿಂದ ಪ್ರಶ್ನೆ ಬಂದಾಗ, ಈ ಆರು ಜನ ತಲೆಗೆ ತಲೆ ಹಚ್ಚಿ ಪಿಸುಗುಡಬೇಕಾಗುತ್ತದೆ.